ಮುಖಗಳನ್ನು ನೋಡುತ್ತಿದ್ದ ಡಾರ್ವಿನ್

ಅಭ್ಯಾಸ ಬೋಧನೆಯ ವೀಕ್ಷಣಾ ಪಟ್ಟಿ ನಮಗೆಲ್ಲ ಈಗ ಬಾಯಿಪಾಠ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಕೊನೆಗೆ ಮನೆಗೆಲಸ. ಇವುಗಳ ನಡುವೆ ಇನ್ನೊಂದು ಅಂಶವಿದೆ: ವಿದ್ಯಾರ್ಥಿಗಳ ಮುಖಭಾವ ಗುರುತಿಸಿ ಅದಕ್ಕೆ ತಕ್ಕಂತೆ ಪಾಠವನ್ನು ಹೊಂದಿಸಿಕೊಳ್ಳುವುದು. ಮನೋವಿಜ್ಞಾನದ ತರಗತಿಯಲ್ಲಿ ಇದಕ್ಕೆ ಅಂಟಿಕೊಂಡಂತೆ ಪರಾನುಭೂತಿ ಎಂಬ ಪದವೂ ಬರುತ್ತದೆ. ಮುಖ ನೋಡಿದರೆ ಮನಸ್ಸು ತಿಳಿಯುತ್ತದೆ, ಮನಸ್ಸು ತಿಳಿದರೆ ಕರುಳು ಮಿಡಿಯುತ್ತದೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಇವೆರಡೂ ನಿಜಕ್ಕೂ ಜೊತೆಜೊತೆಯಾಗಿ ನಡೆಯುತ್ತವೆಯೇ ಎಂಬ ಪ್ರಶ್ನೆ ಇಟ್ಟುಕೊಂಡು ಗ್ರಂಥಾಲಯದಲ್ಲಿ ಹುಡುಕುವಾಗ ನನಗೆ ಸಿಕ್ಕಿದ್ದು ನಮ್ಮ ಜೀವವಿಜ್ಞಾನದ ಚಾರ್ಲ್ಸ್ ಡಾರ್ವಿನ್. ಪಠ್ಯಪುಸ್ತಕದಲ್ಲಿ ಫಿಂಚ್ ಹಕ್ಕಿಯ ಕೊಕ್ಕಿನ ಪಕ್ಕದಲ್ಲಿ ಬರುವ ಬಿಳಿಗಡ್ಡದ ಡಾರ್ವಿನ್ ನಮಗೆಲ್ಲ ಗೊತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಮನುಷ್ಯರ ಮುಖಗಳನ್ನು ನೋಡುತ್ತ, ನೋಡಿದ್ದನ್ನು ಬರೆದಿಡುತ್ತ ಇದ್ದ ಡಾರ್ವಿನ್ ಅಷ್ಟಾಗಿ ಗೊತ್ತಿಲ್ಲ. ಆ ಡಾರ್ವಿನ್‌ನ ಬದುಕನ್ನು ಇಲ್ಲಿ ಹೇಳುತ್ತಿದ್ದೇನೆ.

ಆತ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಾಯಿ ಸುಸಾನಾ ತೀರಿಕೊಂಡಾಗ ಹುಡುಗನಿಗೆ 8 ವರ್ಷ. ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗ ತಾಯಿಯ ಬಗ್ಗೆ ಆತನಿಗೆ ನೆನಪಿದ್ದದ್ದು ಆಕೆ ಮಲಗಿದ್ದ ಸಾವಿನ ಹಾಸಿಗೆ, ಕಪ್ಪು ವೆಲ್ವೆಟ್ ನಿಲುವಂಗಿ, ವಿಚಿತ್ರವಾಗಿ ಮಾಡಿದ್ದ ಒಂದು ಹೊಲಿಗೆಯ ಮೇಜು, ಇಷ್ಟೇ. ಈ ಪಟ್ಟಿಯಲ್ಲಿ ತಾಯಿಯ ಮುಖ ಇಲ್ಲ.

ತಂದೆ ರಾಬರ್ಟ್ ಡಾರ್ವಿನ್ ಊರಿನ ಹೆಸರಾಂತ ವೈದ್ಯ, ದೈತ್ಯದೇಹಿ. ಸ್ವಲ್ಪ ಹೊತ್ತು ಎದುರು ಕೂತವರ ಸ್ವಭಾವವನ್ನು, ಎಷ್ಟೋ ಸಲ ಅವರ ಮನಸ್ಸಿನಲ್ಲಿರುವ ವಿಚಾರವನ್ನೂ ಗ್ರಹಿಸಿಬಿಡುತ್ತಿದ್ದನೆಂದು ಮಗ ಬರೆದಿದ್ದಾನೆ. ಕಾಯಿಲೆಗೆ ಔಷಧ ಕೇಳಲು ಬಂದ ಹೆಂಗಸರು ಮನೆಯ ಕಷ್ಟ ಹೇಳಿಕೊಂಡು ಅತ್ತು ಹಗುರವಾಗಿ ಹೋಗುತ್ತಿದ್ದರಂತೆ. ಆದರೆ ಇದೇ ವೈದ್ಯನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಆ ಕಾಲದಲ್ಲಿ ರೋಗಿಯ ರಕ್ತ ತೆಗೆಯುವುದು ದಿನನಿತ್ಯದ ಚಿಕಿತ್ಸೆಯಾಗಿತ್ತು. ಅದನ್ನು ನೋಡುವುದು ಕೂಡ ಆತನಿಗೆ ಹಿಂಸೆ. ಮುಖ ಓದುವ ಶಕ್ತಿ ಮಗನಿಗೆ ಬಂತೋ ಇಲ್ಲವೋ, ರಕ್ತದ ಈ ಭಯ ಮಾತ್ರ ಪೂರ್ತಿ ಬಂತು.

1825ರಲ್ಲಿ, 16ನೇ ವಯಸ್ಸಿಗೆ, ವೈದ್ಯನಾಗಲೆಂದು ಚಾರ್ಲ್ಸ್‌ನನ್ನು ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಎರಡು ಶಸ್ತ್ರಚಿಕಿತ್ಸೆಗಳನ್ನು ನೋಡಲು ಕೂತ. ಅದರಲ್ಲಿ ಒಂದು ಮಗುವಿನದು. ಕ್ಲೋರೋಫಾರ್ಮ್ ಬಳಕೆಗೆ ಬರಲು ಇನ್ನೂ 20 ವರ್ಷ ಇತ್ತು. ರೋಗಿಗೆ ಎಚ್ಚರವಿರುವಾಗಲೇ ಕೊಯ್ಯಬೇಕು. ಎರಡು ಸಲವೂ ಚಿಕಿತ್ಸೆ ಮುಗಿಯುವ ಮೊದಲೇ ಎದ್ದು ಓಡಿಹೋದ. ಮತ್ತೆಂದೂ ಆ ಕೋಣೆಗೆ ಕಾಲಿಡಲಿಲ್ಲ. ಬಹಳ ವರ್ಷ ಆ ನೆನಪು ಅವನನ್ನು ಕಾಡಿತು. ಸುತ್ತಲೂ ಕೂತಿದ್ದ ಉಳಿದ ವಿದ್ಯಾರ್ಥಿಗಳು ಅದೇ ಮುಖ ನೋಡಿದರು, ಅದೇ ಕೂಗು ಕೇಳಿದರು, ಕೊನೆಯವರೆಗೂ ಕೂತು ಕಲಿತರು. ಅವರಿಗೆ ಕರುಣೆ ಇರಲಿಲ್ಲ ಎನ್ನಲು ನನಗೆ ಮನಸ್ಸಿಲ್ಲ. ಆ ಮಗುವಿನಂಥ ಮಕ್ಕಳನ್ನು ಮುಂದೆ ಉಳಿಸಿದವರು ಕೂತವರೇ ತಾನೆ? ನೋವನ್ನು ಗುರುತಿಸುವುದು, ಆ ನೋವು ತನಗೂ ತಟ್ಟುವುದು, ತಟ್ಟಿದ ಮೇಲೂ ಅಲ್ಲೇ ನಿಂತು ಏನಾದರೂ ಮಾಡುವುದು, ಈ ಮೂರೂ ಬೇರೆ ಬೇರೆ ಎನ್ನುವುದು ಡಾರ್ವಿನ್‌ನ ಬದುಕಿನಲ್ಲಿ ಇಷ್ಟು ಬೇಗ ಕಾಣಿಸಿಕೊಂಡಿತು.

ವೈದ್ಯಕೀಯ ಬಿಟ್ಟು ಕೇಂಬ್ರಿಜ್ ಸೇರಿದ್ದು, ಜೀರುಂಡೆ ಹಿಡಿಯುತ್ತ ಅಲ್ಲಿ ಕಳೆದ ವರ್ಷಗಳು, 1831ರ ಡಿಸೆಂಬರ್ 27ರಂದು ಬೀಗಲ್ ಹಡಗು ಹೊರಟದ್ದು, ಇವೆಲ್ಲ ನಮಗೆ ಪರಿಚಿತ. ಆ ಐದು ವರ್ಷದ ಪ್ರಯಾಣದಿಂದ ಆತ ತಂದ ಪಳೆಯುಳಿಕೆಗಳ ಬಗ್ಗೆ ನಾವು ಪಾಠ ಮಾಡುತ್ತೇವೆ. ಬ್ರೆಜಿಲ್‌ನಲ್ಲಿ ನಡೆದ ಒಂದು ಚಿಕ್ಕ ಘಟನೆಯನ್ನೂ ಪಾಠ ಮಾಡಬೇಕು ಎಂದು ನನಗನ್ನಿಸುತ್ತದೆ.

ಅಲ್ಲಿ ಆಗ ಗುಲಾಮಗಿರಿ ಇತ್ತು. ಒಂದು ನದಿ ದಾಟಿಸುವ ದೋಣಿಯಲ್ಲಿ ಡಾರ್ವಿನ್ ಒಬ್ಬ ಕಪ್ಪು ಆಳಿನ ಜೊತೆ ಹೋಗುತ್ತಿದ್ದ. ಹೇಳಿದ್ದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವನು ಮಂದಬುದ್ಧಿಯವನೆಂದೇ ಡಾರ್ವಿನ್ ಬರೆದುಕೊಂಡಿದ್ದಾನೆ. (ಭಾಷೆ ಬರದವನನ್ನು ದಡ್ಡ ಎನ್ನುವ ಈ ಚಾಳಿ ನಮ್ಮ ಸ್ಟಾಫ್ ರೂಮುಗಳಿಗೂ ಹೊಸದಲ್ಲ.) ತಿಳಿಸಲೆಂದು ದನಿ ಎತ್ತರಿಸಿ, ಕೈಸನ್ನೆ ಮಾಡಿದ. ಕೈ ಆ ಮನುಷ್ಯನ ಮುಖದ ಹತ್ತಿರ ಹಾದುಹೋಯಿತು. ತಕ್ಷಣ ಅವನ ಮುಖದಲ್ಲಿ ಹೆದರಿಕೆ ತುಂಬಿತು, ಕಣ್ಣು ಅರೆಮುಚ್ಚಿದವು, ಎರಡೂ ಕೈಗಳು ಕೆಳಗೆ ಜೋತುಬಿದ್ದವು. ಏಟು ಬೀಳುತ್ತದೆ ಎಂದುಕೊಂಡಿದ್ದ. ಗಟ್ಟಿಮುಟ್ಟಾದ ಆಳು, ಮುಖಕ್ಕೆ ಬೀಳುವ ಏಟನ್ನು ತಡೆಯಲೂ ಕೈ ಎತ್ತದಷ್ಟು ಪಳಗಿಹೋಗಿದ್ದ. ಆಗ ಆದ ಆಶ್ಚರ್ಯ, ಹೇಸಿಗೆ, ನಾಚಿಕೆಯನ್ನು ಡಾರ್ವಿನ್ ಮರೆಯಲೇ ಇಲ್ಲ.

ಇಲ್ಲಿ ಇಬ್ಬರೂ ಪರಸ್ಪರ ಮುಖ ನೋಡಿದ್ದಾರೆ. ಡಾರ್ವಿನ್ ಓದಿದ್ದು ಸರಿಯಿತ್ತು, ಅದು ಭಯವೇ. ಆ ಮನುಷ್ಯ ಓದಿದ್ದು ಮಾತ್ರ ತಪ್ಪಾಗಿತ್ತು, ಏಕೆಂದರೆ ಡಾರ್ವಿನ್‌ಗೆ ಹೊಡೆಯುವ ಇರಾದೆ ಇರಲಿಲ್ಲ. ಆದರೂ ಅದನ್ನು ತಪ್ಪು ಎನ್ನುವುದು ಹೇಗೆ? ಎತ್ತಿದ ಕೈ ಏನು ಮಾಡುತ್ತದೆ ಎಂದು ಅವನ ಬದುಕು ಅವನಿಗೆ ಚೆನ್ನಾಗಿ ಕಲಿಸಿತ್ತು. ಹಿಂದಿನ ಅನುಭವವೇ ಎದುರಿನ ಮುಖಕ್ಕೆ ಅರ್ಥ ಕೊಡುತ್ತದೆ. ನಾವು ಕೇವಲ ಡಸ್ಟರ್ ತೆಗೆದುಕೊಳ್ಳಲು ಕೈ ಎತ್ತಿದಾಗ ಮುಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದರೆ, ಅವನಿಗೆ ಮೊದಲು ಪಾಠ ಹೇಳಿದವರು ಯಾರೋ ಎಂದು ಯೋಚಿಸಬೇಕಾಗುತ್ತದೆ.

ಅದೇ ಹಡಗಿನಲ್ಲಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊದಿಂದ ಇಂಗ್ಲೆಂಡಿಗೆ ಕರೆದೊಯ್ದಿದ್ದ ಜೆಮ್ಮಿ ಬಟನ್ ಎಂಬ ಹುಡುಗನಿದ್ದ. ಸಮುದ್ರ ಒರಟಾದಾಗಲೆಲ್ಲ ಡಾರ್ವಿನ್‌ಗೆ ವಾಂತಿ, ತಲೆಸುತ್ತು. ಆಗ ಜೆಮ್ಮಿ ಹತ್ತಿರ ಬಂದು ಅಯ್ಯೋ ಪಾಪ ಎಂದು ಮರುಗುತ್ತಿದ್ದ. ನೀರಿನಲ್ಲೇ ಬೆಳೆದ ಅವನಿಗೆ ನೀರಿನ ಮೇಲೆ ಒಬ್ಬನಿಗೆ ಕಾಯಿಲೆಯಾಗುವುದೇ ತಮಾಷೆ. ಮರುಗುತ್ತಲೇ ಉಕ್ಕುವ ನಗುವನ್ನು ಮುಚ್ಚಿಕೊಳ್ಳಲು ಮುಖ ಆ ಕಡೆ ತಿರುಗಿಸುತ್ತಿದ್ದನಂತೆ. ಕರುಣೆಯೂ ನಗುವೂ ಒಂದೇ ಮುಖದಲ್ಲಿ. ಯಾವ ಚಾರ್ಟಿನಲ್ಲಿ ಇದಕ್ಕೆ ಜಾಗವಿದೆ?

1836ರಲ್ಲಿ ಊರಿಗೆ ಮರಳಿದ ಮೇಲೆ ಲಂಡನ್‌ನಲ್ಲಿ ನೆಲೆಸಿದ. 1838ರಲ್ಲಿ ಅಲ್ಲಿನ ಮೃಗಾಲಯದಲ್ಲಿ ಜೆನ್ನಿ ಎಂಬ ಒರಾಂಗುಟಾನ್ ಇತ್ತು. ಕಾವಲುಗಾರ ಸೇಬು ತೋರಿಸಿ ಕೊಡದೆ ಸತಾಯಿಸಿದಾಗ ಅದು ಅಂಗಾತ ಬಿದ್ದು, ಕಾಲು ಝಾಡಿಸಿ, ಹಟಮಾರಿ ಮಗುವಿನ ಹಾಗೆ ಅತ್ತದ್ದನ್ನು ಡಾರ್ವಿನ್ ನೋಡಿದ. ಮುಖಭಾವದ ಹಿಂದೆ ಬಹಳ ಹಳೆಯ ಇತಿಹಾಸವಿರಬಹುದೆಂಬ ಯೋಚನೆ ಆಗಲೇ ಅವನ ಟಿಪ್ಪಣಿ ಪುಸ್ತಕಗಳನ್ನು ಹೊಕ್ಕಿತ್ತು. ಎಡಿನ್‌ಬರೋದ ಅಂಗರಚನಾ ತಜ್ಞ ಚಾರ್ಲ್ಸ್ ಬೆಲ್ ಆ ಕಾಲಕ್ಕೆ ಈ ವಿಷಯದಲ್ಲಿ ದೊಡ್ಡ ಹೆಸರು. ಮನುಷ್ಯನ ಮುಖದ ಕೆಲವು ಸ್ನಾಯುಗಳನ್ನು ದೇವರು ಭಾವ ತೋರಿಸಲೆಂದೇ ಕೊಟ್ಟಿದ್ದಾನೆ ಎಂಬುದು ಬೆಲ್‌ನ ವಾದ. ಡಾರ್ವಿನ್‌ಗೆ ಅದು ಒಪ್ಪಿಗೆಯಾಗಲಿಲ್ಲ.

1839ರ ಜನವರಿಯಲ್ಲಿ ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್ ಜೊತೆ ಮದುವೆ. ಆ ವರ್ಷದ ಡಿಸೆಂಬರ್ 27ರಂದು ಚೊಚ್ಚಲ ಮಗ ವಿಲಿಯಂ ಹುಟ್ಟಿದ. ಮೊದಲ ದಿನದಿಂದಲೇ ತಂದೆ ಪುಸ್ತಕ ಹಿಡಿದು ತೊಟ್ಟಿಲ ಪಕ್ಕ ಕೂತ. ಮಗು ಯಾವಾಗ ನಕ್ಕಿತು, ಯಾವಾಗ ಬೆಚ್ಚಿತು, ಅಳುವಾಗ ಹುಬ್ಬು ಹೇಗಾಯಿತು, ಎಲ್ಲವೂ ತಾರೀಖಿನ ಸಮೇತ ದಾಖಲು. ಎಳೆಗೂಸು ಎಷ್ಟು ಕಿರುಚಿದರೂ ಮೊದಲ ವಾರಗಳಲ್ಲಿ ಕಣ್ಣೀರು ಬರುವುದಿಲ್ಲ ಎಂಬುದನ್ನು ತನ್ನ ಮಕ್ಕಳಲ್ಲೇ ಗಮನಿಸಿದ. ಒಂದು ಮಗುವಿಗೆ 77 ದಿನವಾಗಿದ್ದಾಗ ಆತನ ಕೋಟಿನ ತೋಳು ಅಕಸ್ಮಾತ್ ಕಣ್ಣಿಗೆ ತಾಗಿತು. ತಾಗಿದ ಕಣ್ಣಿನಿಂದ ನೀರು ಸುರಿಯಿತು. ಮಗು ಜೋರಾಗಿ ಅಳುತ್ತಿದ್ದರೂ ಇನ್ನೊಂದು ಕಣ್ಣು ಒಣಗಿಯೇ ಇತ್ತು.

ವಿಲಿಯಂಗೆ 6 ತಿಂಗಳು 11 ದಿನವಾದಾಗ ನಡೆದದ್ದು ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ದಾದಿ ಅಳುವ ಹಾಗೆ ನಟಿಸಿದಳು. ಮಗುವಿನ ಬಾಯಿಯ ಮೂಲೆಗಳು ಕೆಳಗಿಳಿದು ಮುಖ ಸಪ್ಪಗಾಯಿತು. ದೊಡ್ಡವರು ಅಳುವುದನ್ನು ಆ ಮಗು ಅದುವರೆಗೆ ನೋಡಿರಲೇ ಇಲ್ಲ, ಬೇರೆ ಮಕ್ಕಳು ಅಳುವುದನ್ನು ನೋಡಿದ್ದೂ ಅಪರೂಪ. ಹೀಗಿರುವಾಗ ಇದು ದುಃಖ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ಹುಟ್ಟಿನಿಂದ ಬಂದ ಯಾವುದೋ ಅರಿವು ಹೇಳಿಕೊಟ್ಟಿದೆ, ಅನುಕಂಪ ಆ ದುಃಖವನ್ನು ಮಗುವಿನಲ್ಲೂ ಎಬ್ಬಿಸಿದೆ ಎಂದು ಡಾರ್ವಿನ್ ಅರ್ಥಮಾಡಿಕೊಂಡ. ಪರಾನುಭೂತಿ ಎಂದು ನಾವು ಅನುವಾದಿಸುವ ಇಂಗ್ಲಿಷ್ ಪದ ಹುಟ್ಟಿದ್ದು 1909ರಲ್ಲಿ, ಡಾರ್ವಿನ್ ಸತ್ತು 27 ವರ್ಷದ ಮೇಲೆ. ಆತನ ಬಳಿ ಇದ್ದದ್ದು ಅನುಕಂಪ ಎಂಬ ಹಳೆಯ ಪದ ಮಾತ್ರ. ಆದರೆ ತೊಟ್ಟಿಲಲ್ಲಿ ಕಂಡದ್ದು ನಾವು ಈಗ ಓದುವ ಸಂಗತಿಯೇ: ಆ ಮಗುವಿನಲ್ಲಿ ಗುರುತಿಸುವುದೂ ಮರುಗುವುದೂ ಒಂದೇ ಕ್ಷಣದಲ್ಲಿ ನಡೆದಿತ್ತು. ದಾದಿಯ ಅಳು ಸುಳ್ಳೆಂಬುದು ಮಾತ್ರ ಮಗುವಿಗೆ ತಿಳಿಯಲಿಲ್ಲ.

1842ರಲ್ಲಿ ಸಂಸಾರ ಕೆಂಟ್ ಜಿಲ್ಲೆಯ ಡೌನ್ ಎಂಬ ಹಳ್ಳಿಗೆ ಬಂತು. ಒಟ್ಟು 10 ಮಕ್ಕಳು ಹುಟ್ಟಿದರು, 3 ಮಕ್ಕಳು ಎಳೆಯ ವಯಸ್ಸಿನಲ್ಲೇ ಹೋದರು. ಎರಡನೆಯವಳು ಆನಿ. 1851ರಲ್ಲಿ ಅವಳಿಗೆ ಕಾಯಿಲೆ ಬಲಿತಾಗ ಮಾಲ್ವರ್ನ್ ಎಂಬ ಊರಿಗೆ ಜಲಚಿಕಿತ್ಸೆಗೆ ಕರೆದೊಯ್ದರು. ಎಮ್ಮಾ ತುಂಬು ಗರ್ಭಿಣಿ, ಮನೆಯಲ್ಲೇ ಉಳಿದಳು. ಡಾರ್ವಿನ್ ಮಗಳ ಹಾಸಿಗೆಯ ಪಕ್ಕ ಕೂತು ಅವಳ ಸ್ಥಿತಿಯನ್ನು ಗಂಟೆಗಂಟೆಗೂ ಹೆಂಡತಿಗೆ ಬರೆಯುತ್ತಿದ್ದ. ಎಡಿನ್‌ಬರೋದಲ್ಲಿ ಎದ್ದು ಓಡಿದವನು ಇಲ್ಲಿ ಅಲುಗಲಿಲ್ಲ. ಏಪ್ರಿಲ್ 23ರಂದು ಆನಿ ತೀರಿಕೊಂಡಳು. ಅವಳಿಗೆ 10 ವರ್ಷ.

ಒಂದು ವಾರದ ನಂತರ ಆತ ಮಗಳ ಬಗ್ಗೆ ಕೆಲವು ಪುಟ ಬರೆದ, ಪ್ರಕಟಣೆಗಲ್ಲ, ಮುಂದೆ ನೆನಪು ಮಾಸಬಾರದೆಂದು. ಅದರ ತುಂಬ ಆನಿಯ ಮುಖ, ಆ ಮುಖದಲ್ಲಿ ಉಕ್ಕುತ್ತಿದ್ದ ಸಂತೋಷ. ಅದರಲ್ಲಿ ಒಂದು ಮಾತು ಬರುತ್ತದೆ. ತಂದೆಯ ಕಣ್ಣಿನ ಒಂದೇ ಒಂದು ನೋಟ ಸಾಕಿತ್ತಂತೆ, ಕೋಪದ ನೋಟವೂ ಅಲ್ಲ, ಅನುಕಂಪ ಸ್ವಲ್ಪ ಕಡಿಮೆಯಾದ ನೋಟ, ಅಷ್ಟಕ್ಕೇ ಅವಳ ಮುಖ ಕೆಲವು ನಿಮಿಷ ಪೂರ್ತಿ ಬದಲಾಗಿಬಿಡುತ್ತಿತ್ತು. ವೀಕ್ಷಣಾ ಪಟ್ಟಿಯಲ್ಲಿ ನಾವು ಮಕ್ಕಳ ಮುಖ ಓದಬೇಕೆಂದಿದೆ. ಮಕ್ಕಳು ಇಡೀ 40 ನಿಮಿಷ ನಮ್ಮ ಮುಖ ಓದುತ್ತಿರುತ್ತಾರೆ ಎನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ.

1859ರ ನವೆಂಬರ್‌ನಲ್ಲಿ ಜೀವಿ ಪ್ರಭೇದಗಳ ಉಗಮದ ಪುಸ್ತಕ ಬಂತು, 1871ರಲ್ಲಿ ಮಾನವನ ಅವತರಣದ ಪುಸ್ತಕ. ಇವು ಎಬ್ಬಿಸಿದ ಗಲಾಟೆಯನ್ನು ಹೇಳಲು ಇಲ್ಲಿ ಜಾಗವಿಲ್ಲ. ಈ ಗಲಾಟೆಯ ನಡುವೆಯೇ ಡಾರ್ವಿನ್ ಮುಖಗಳ ಕೆಲಸಕ್ಕೆ ಮರಳಿದ. ಲೋಕದ ಎಲ್ಲ ಜನರೂ ಒಂದೇ ರೀತಿ ಭಾವ ತೋರಿಸುತ್ತಾರೆಯೇ ಎಂದು ತಿಳಿಯಲು 16 ಪ್ರಶ್ನೆಗಳನ್ನು ಅಚ್ಚು ಹಾಕಿಸಿ, 1867ರಿಂದ ಪಾದ್ರಿಗಳಿಗೆ, ಅಧಿಕಾರಿಗಳಿಗೆ, ವರ್ತಕರಿಗೆ ಕಳಿಸಿದ. ನಾಚಿಕೆಯಾದಾಗ ಮುಖ ಕೆಂಪೇರುತ್ತದೆಯೇ, ಬೇಸರವಾದಾಗ ಹುಬ್ಬಿನ ಒಳತುದಿ ಮೇಲೇಳುತ್ತದೆಯೇ, ಹೀಗೆ. ಕೊನೆಯಲ್ಲಿ ಒಂದು ಸೂಚನೆ: ನೆನಪಿನಿಂದ ಬರೆಯಬೇಡಿ, ಇಂಥ ವಿಷಯದಲ್ಲಿ ನೆನಪು ಮೋಸ ಮಾಡುತ್ತದೆ. ಪಾಠ ಮುಗಿದು ಒಂದು ವಾರದ ಮೇಲೆ ಪ್ರತಿಫಲನ ದಿನಚರಿ ಬರೆಯುವ ನಮಗೂ ಇದು ಅನ್ವಯಿಸುತ್ತದೆ.

36 ಉತ್ತರಗಳು ಬಂದವು. ಇಲ್ಲಿ ನಮ್ಮ ನಾಡಿನ ಹೆಸರೂ ಬರುತ್ತದೆ. ಮುಂಬಯಿ ಪ್ರಾಂತ್ಯದ ಅಹಮದ್‌ನಗರದಲ್ಲಿದ್ದ ಅರ್ಸ್ಕಿನ್ ಎಂಬಾತ ಸುತ್ತಲಿನ ಜನರನ್ನು ಗಮನಿಸಿದ. ಕೆನರಾದ, ಅಂದರೆ ನಮ್ಮ ಕರಾವಳಿ ಸೀಮೆಯ, ನ್ಯಾಯಾಧೀಶ ವೆಸ್ಟ್‌ನಿಂದಲೂ ಮಾಹಿತಿ ತರಿಸಿದ. ವೆಸ್ಟ್ ಸ್ಥಳೀಯ ತಿಳಿದವರನ್ನು ಕೇಳಿ ಉತ್ತರ ಕೊಟ್ಟ. ಆದರೆ ಅರ್ಸ್ಕಿನ್ ಒಂದು ತೊಡಕು ತಿಳಿಸಿದ್ದ. ಇಲ್ಲಿನ ಜನ ಬಿಳಿಯರ ಮುಂದೆ ಯಾವ ಭಾವವನ್ನೂ ತೋರಿಸುವುದಿಲ್ಲ, ಅದು ಅವರಿಗೆ ಅಭ್ಯಾಸವೇ ಆಗಿಹೋಗಿದೆ, ಹಾಗಾಗಿ ಖಚಿತವಾಗಿ ಏನೂ ಹೇಳಲಾಗುತ್ತಿಲ್ಲ ಎಂದು. ಈ ಸಾಲುಗಳನ್ನು ಓದುವಾಗ ನನಗೆ ಮೈ ಜುಂ ಎಂದಿತು. ಜಿಲ್ಲಾ ನ್ಯಾಯಾಧೀಶನ ಎದುರು ನಿಂತ ಕರಾವಳಿಯ ರೈತ ಯಾವ ಮುಖ ಹೊತ್ತು ನಿಂತಿರುತ್ತಾನೆ? ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರ ಮುಂದೆ ಮುಖಗಳು ಬಾಗಿಲು ಹಾಕಿಕೊಳ್ಳುತ್ತವೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಮೇಡಂ ಪೆನ್ನು ಹಿಡಿದು ಕೂತ ದಿನ ತರಗತಿಯ ಮುಖಗಳು ಹೇಗಿರುತ್ತವೆ ಎನ್ನುವುದನ್ನು ನಾವೆಲ್ಲ ಬಲ್ಲೆವು. ನಮ್ಮ ಮುಖವೂ ಅದರಲ್ಲಿ ಒಂದು.

ಎಲ್ಲರಿಗಿಂತ ವಿವರವಾಗಿ ಬರೆದವನು ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕ ಸ್ಕಾಟ್. ಅಲ್ಲಿ ಬೇರೆ ಬೇರೆ ಕಡೆಯ ಆಳುಗಳು ಕೆಲಸಕ್ಕಿದ್ದರು. ಆತ ಬರೆದ ಎರಡು ಪ್ರಸಂಗಗಳನ್ನು ಡಾರ್ವಿನ್ ತನ್ನ ಪುಸ್ತಕದಲ್ಲಿ ಸೇರಿಸಿದ್ದಾನೆ.

ಒಂದರಲ್ಲಿ ರೋಗ, ಬಡತನದಿಂದ ಸೋತ ಒಬ್ಬ ಮನುಷ್ಯ ತನ್ನ ಮುದ್ದಿನ ಮೇಕೆ ಮಾರಬೇಕಾಗಿ ಬಂತು. ಹಣ ಕೈಗೆ ಬಂದ ಮೇಲೆ ಹಣವನ್ನೊಮ್ಮೆ, ಮೇಕೆಯನ್ನೊಮ್ಮೆ ನೋಡುತ್ತ ನಿಂತ. ಹತ್ತಿರ ಹೋದ. ಮೇಕೆ ಮುಂಗಾಲೆತ್ತಿ ಅವನ ಕೈ ನೆಕ್ಕಿತು. ಕೊಡಲೇಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡ ಕ್ಷಣದಲ್ಲಿ ಅವನ ಹುಬ್ಬುಗಳು ಓರೆಯಾಗಿ ಒಳತುದಿಗಳು ಉಬ್ಬಿದ್ದನ್ನು ಸ್ಕಾಟ್ ಗುರುತಿಸಿದ. ಆಮೇಲೆ ಅವನು ನಿಟ್ಟುಸಿರಿಟ್ಟು, ಅತ್ತು, ಎರಡೂ ಕೈಯೆತ್ತಿ ಮೇಕೆಯನ್ನು ಹರಸಿ, ತಿರುಗಿ ನೋಡದೆ ಹೊರಟುಹೋದ.

ಇನ್ನೊಂದರಲ್ಲಿ ತೋಟದ ಮಾಲಿಯೊಬ್ಬನ ಹೆಂಡತಿ, ನಾಗಪುರದ ಕಡೆಯವಳು, ಇನ್ನೂ ಎಳೆಯ ಪ್ರಾಯ. ಸಾಯುವ ಸ್ಥಿತಿಯಲ್ಲಿದ್ದ ಕೂಸಿಗೆ ಹಾಲೂಡಿಸುತ್ತ ಕೂತಿದ್ದಳು. ಸ್ಕಾಟ್ ಗಿಡಗಳ ಮರೆಯಲ್ಲಿ ನಿಂತು, ತಾನು ಕಾಣದ ಹಾಗೆ, ಅವಳ ಮುಖವನ್ನೇ ಗಮನಿಸಿದ. ಹುಬ್ಬಿನ ಒಳತುದಿ ಎದ್ದಿತ್ತು, ರೆಪ್ಪೆ ಇಳಿದಿತ್ತು, ಹಣೆಯ ನಡುವೆ ಸುಕ್ಕು, ಬಾಯಿ ತುಸು ತೆರೆದು ಮೂಲೆಗಳು ಕೆಳಗೆ ಬಾಗಿದ್ದವು. ಪ್ರಶ್ನಾವಳಿಯಲ್ಲಿ ಕೇಳಿದ್ದೆಲ್ಲ ಸಿಕ್ಕಿತು. ನಂತರ ಅವನು ಮರೆಯಿಂದ ಹೊರಗೆ ಬಂದು ಮಾತಾಡಿಸಿದ. ಅವಳು ಬೆಚ್ಚಿಬಿದ್ದು, ಗೊಳೋ ಎಂದು ಅತ್ತು, ಮಗುವನ್ನು ಉಳಿಸಿಕೊಡಿ ಎಂದು ಬೇಡಿಕೊಂಡಳು.

ಪ್ರಸಂಗ ಅಲ್ಲಿಗೆ ಮುಗಿಯುತ್ತದೆ. ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಸ್ಕಾಟ್‌ನನ್ನು ಕಲ್ಲೆದೆಯವನೆಂದು ಬೈಯಲು ಹೊರಟರೆ, ಕೊನೆಗೆ ಮರೆಯಿಂದ ಹೊರಬಂದವನೂ ಅವನೇ. ಗಿಡದ ಹಿಂದೆ ನಿಂತಷ್ಟು ಹೊತ್ತು ಅವಳ ಮುಖವನ್ನು ಅವನಷ್ಟು ನಿಖರವಾಗಿ ಯಾರೂ ಓದಿರಲಾರರು. ಅವಳಿಗೆ ಬೇಕಾಗಿದ್ದವನು ಗಿಡದ ಈಚೆ ಬಂದ ಸ್ಕಾಟ್. ಮಗುವಿನ ಮುಖಕ್ಕೆ ಐದರಲ್ಲಿ ಇಷ್ಟು ಎಂದು ಅಂಕ ಹಾಕುವ ಪಟ್ಟಿಗಳನ್ನು ತಯಾರಿಸುವ ನಾವು ಎಷ್ಟು ಹೊತ್ತು ಮರೆಯಲ್ಲಿ ನಿಲ್ಲಬಹುದು ಎನ್ನುವುದನ್ನು ನಮ್ಮ ಉಪನ್ಯಾಸಕರೊಂದಿಗೆ ಚರ್ಚಿಸಬೇಕೆಂದಿದ್ದೇನೆ.

ಡಾರ್ವಿನ್‌ಗೆ ಈ ಇಕ್ಕಟ್ಟಿನ ಅರಿವಿತ್ತು. ಯಾರಾದರೂ ಆಳವಾದ ಭಾವದಲ್ಲಿರುವುದನ್ನು ಕಂಡಾಗ ನಮ್ಮ ಅನುಕಂಪ ಎಷ್ಟು ಜೋರಾಗಿ ಏಳುತ್ತದೆಂದರೆ ಗಮನಿಸುವುದೇ ಮರೆತುಹೋಗುತ್ತದೆ ಎಂದು ಪುಸ್ತಕದ ಆರಂಭದಲ್ಲೇ ಹೇಳಿದ್ದಾನೆ. ತೊಟ್ಟಿಲಲ್ಲಿ ಒಂದೇ ಆಗಿದ್ದವು ದೊಡ್ಡವರಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಇನ್ನೊಂದು ತೊಡಕನ್ನೂ ಅಲ್ಲೇ ಹೇಳಿದ್ದಾನೆ, ಅದು ನಮ್ಮ ಕಲ್ಪನೆ.

ಇದು ಆತನಿಗೆ ಮನವರಿಕೆಯಾದದ್ದು ಒಂದು ಸರಳ ಪ್ರಯೋಗದಿಂದ. ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲಿ ಒಂದು ಪುಸ್ತಕ ತಂದಿದ್ದ. ಮುಖದಲ್ಲಿ ಸ್ಪರ್ಶಜ್ಞಾನ ಕಡಿಮೆಯಿದ್ದ ಒಬ್ಬ ಮುದುಕನ ಸ್ನಾಯುಗಳಿಗೆ ವಿದ್ಯುತ್ ಹರಿಸಿ, ಒಂದೊಂದು ಭಾವ ಮೂಡಿಸಿ ತೆಗೆದ ಫೋಟೊಗಳು ಅದರಲ್ಲಿದ್ದವು. ವಿವರಣೆ ಓದುತ್ತ ನೋಡಿದಾಗ ಡಾರ್ವಿನ್‌ಗೆ ಹೆಚ್ಚುಕಮ್ಮಿ ಎಲ್ಲವೂ ಸರಿಯೆನ್ನಿಸಿದವು. ಆಮೇಲೆ ಕೆಲವು ಚಿತ್ರಗಳನ್ನು ಆರಿಸಿ, ಒಂದು ಮಾತೂ ಹೇಳದೆ, 20ಕ್ಕೂ ಹೆಚ್ಚು ಜನರಿಗೆ ತೋರಿಸಿ ಈ ಮುದುಕನಿಗೆ ಏನನ್ನಿಸುತ್ತಿದೆ ಎಂದು ಕೇಳಿದ. ಅವರ ಮಾತುಗಳನ್ನು ಹಾಗೇ ಬರೆದುಕೊಂಡ. ಕೆಲವು ಭಾವಗಳನ್ನು ಬಹುತೇಕ ಎಲ್ಲರೂ ತಕ್ಷಣ ಗುರುತಿಸಿದರು. ಇನ್ನು ಕೆಲವಕ್ಕೆ ತಲೆಗೊಂದು ಉತ್ತರ ಬಂತು. ವಿವರಣೆ ಓದದಿದ್ದರೆ ತಾನೂ ಹೀಗೇ ತಬ್ಬಿಬ್ಬಾಗುತ್ತಿದ್ದೆ ಎಂದು ಡಾರ್ವಿನ್ ಒಪ್ಪಿಕೊಂಡ. ಮುದುಕನ ಸಹಜ ನಗುವಿನ ಚಿತ್ರವನ್ನು ಎಲ್ಲರೂ ನಗು ಎಂದರು. ವಿದ್ಯುತ್ ತರಿಸಿದ ನಗುವನ್ನು 24 ಜನರಿಗೆ ತೋರಿಸಿದಾಗ 3 ಜನಕ್ಕೆ ಅದು ಏನೆಂದೇ ತಿಳಿಯಲಿಲ್ಲ, ಉಳಿದವರಿಗೆ ನಗುವೇನೋ ಕಂಡಿತು, ಆದರೆ ಏನೋ ಕೊಂಕು ಇದೆ ಅನ್ನಿಸಿತು. ಬಾಯಿ ನಕ್ಕಿತ್ತು, ಕಣ್ಣಿನ ಕೆಳಗಿನ ಸ್ನಾಯು ನಕ್ಕಿರಲಿಲ್ಲ.

ಈ ಪ್ರಯೋಗವನ್ನು ನಾನು ಎಂಟನೇ ತರಗತಿಯಲ್ಲಿ ನಮ್ಮ ಮಟ್ಟಕ್ಕೆ ಇಳಿಸಿ ಮಾಡಿದೆ. ಪತ್ರಿಕೆಯ ಕ್ರೀಡಾಪುಟದಿಂದ ಒಬ್ಬ ಆಟಗಾರನ ಮುಖವನ್ನಷ್ಟೇ ಕತ್ತರಿಸಿ ತೋರಿಸಿದೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಾಯಿ ಅಗಲವಾಗಿತ್ತು. ನೋವು, ಸಿಟ್ಟು, ಮನೆಯಲ್ಲಿ ಯಾರೋ ಸತ್ತಿದ್ದಾರೆ, ಹೀಗೆ ಉತ್ತರಗಳು. ಆಮೇಲೆ ಪೂರ್ತಿ ಚಿತ್ರ ಇಟ್ಟೆ: ಗೆದ್ದ ತಂಡ ಅವನನ್ನು ಹೊತ್ತು ಕುಣಿಯುತ್ತಿದೆ. ಆಗ ಇಡೀ ತರಗತಿ ಒಕ್ಕೊರಲಿನಿಂದ, ನಮಗೆ ಮೊದಲೇ ಗೊತ್ತಿತ್ತು ಮಿಸ್, ಅದು ಖುಷಿಯ ಮುಖವೇ ಎಂದಿತು. ಈ ಪತ್ರಿಕೆಯ ಓದುಗರು ಯಾರಾದರೂ ಮಾಡಿನೋಡಬಹುದು, ಖರ್ಚಿಲ್ಲದ ಚಟುವಟಿಕೆ. ದಡ್ಡ, ತುಂಟ, ಸೋಮಾರಿ ಎಂದು ಹಾಜರಿ ಪುಸ್ತಕದ ಜೊತೆಗೇ ನಮಗೆ ಹಸ್ತಾಂತರವಾಗುವ ಮಾತುಗಳೂ ಚಿತ್ರದ ಕೆಳಗಿನ ವಿವರಣೆಗಳೇ. ಅವನ್ನು ಓದಿಕೊಂಡು ಒಳಗೆ ಹೋದವರಿಗೆ ಮುಖಗಳಲ್ಲಿ ಕಾಣುವುದೂ ಅದೇ.

ಡಾರ್ವಿನ್‌ನ ನಂತರ ಸುಮಾರು ನೂರು ವರ್ಷಕ್ಕೆ ಪಾಲ್ ಎಕ್‌ಮನ್ ಪಪುವಾ ನ್ಯೂಗಿನಿಯ ಜನರಿಗೆ ಫೋಟೊ ತೋರಿಸಿ, ಮೂಲಭೂತ ಭಾವಗಳ ಮುಖ ಎಲ್ಲೆಡೆಯೂ ಒಂದೇ ಎಂದ. ಸಂದರ್ಭವಿಲ್ಲದೆ ಮುಖವೊಂದೇ ಅಷ್ಟು ಹೇಳಲಾರದು ಎಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್‌ರಂಥವರು ವಾದಿಸುತ್ತಿದ್ದಾರೆ. ಇಬ್ಬರ ವಾದಕ್ಕೂ ಬೇಕಾದ ಸಾಕ್ಷ್ಯ ಡಾರ್ವಿನ್‌ನ ಆ ಸಣ್ಣ ಪ್ರಯೋಗದಲ್ಲೇ ಇದ್ದದ್ದು ನನಗೆ ಕುತೂಹಲದ ಸಂಗತಿ.

ಪುಸ್ತಕದಲ್ಲಿ ನನಗೆ ಅತಿ ಹತ್ತಿರವೆನ್ನಿಸಿದ ಪ್ರಸಂಗ ರೈಲಿನದು. ಡಾರ್ವಿನ್ ಎದುರಿಗೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು, ನೆಮ್ಮದಿಯ ಮುಖ, ಏನೋ ಯೋಚನೆ. ಬಾಯಿಯ ಮೂಲೆಗಳನ್ನು ಕೆಳಗೆಳೆಯುವ ಸ್ನಾಯು ಚೂರೇ ಚೂರು ಬಿಗಿಯಿತು. ಉಳಿದ ಮುಖ ಶಾಂತವಾಗಿಯೇ ಇತ್ತು. ಇದಕ್ಕೆ ಅರ್ಥವಿಲ್ಲ, ಇಂಥದ್ದನ್ನು ನಂಬಿ ಎಷ್ಟು ಸುಲಭವಾಗಿ ಮೋಸಹೋಗಬಹುದು ಎಂದುಕೊಳ್ಳುತ್ತಿರುವಾಗಲೇ ಅವಳ ಕಣ್ಣು ತುಂಬಿ ಬಂದವು. ಏನೋ ನೋವಿನ ನೆನಪು, ಬಹುಶಃ ಎಂದೋ ಕಳೆದುಕೊಂಡ ಮಗುವಿನದು, ಅವಳ ಮನಸ್ಸಿನಲ್ಲಿ ಹಾದುಹೋಗಿರಬೇಕು ಎಂದು ಆತ ಬರೆದ.

ಸ್ನಾಯುವನ್ನು ಗುರುತಿಸಿದ್ದು ವಿಜ್ಞಾನಿ. ಆದರೆ ಕಳೆದುಕೊಂಡ ಮಗುವನ್ನು ಅಲ್ಲಿಗೆ ತಂದವರು ಯಾರು? ಆ ಹೆಂಗಸಿಗೆ ಗಂಡ ಸತ್ತಿರಬಹುದು, ಮನೆ ಹೋಗಿರಬಹುದು. ಮಗು ಎಂದು ತೋಚಿದ್ದು ಆನಿಯ ತಂದೆಗೆ ಎಂದು ನಾನು ಓದಿಕೊಳ್ಳುತ್ತೇನೆ. ಅವನು ಕೇಳಲಿಲ್ಲ, ಕೇಳುವ ಸಲಿಗೆ ಆ ರೈಲಿನಲ್ಲಿ ಇರಲಿಲ್ಲ. ನಮ್ಮ ತರಗತಿಯಲ್ಲಿ ಅಷ್ಟು ಸಲಿಗೆ ನಮಗಿದೆ. ಬಿಡುವಿನಲ್ಲಿ ಪಕ್ಕಕ್ಕೆ ಕರೆದು, ಏನಾಯ್ತು ಮಗಾ ಎಂದು ಕೇಳಬಹುದು. ಮುಖ ಓದುವ ಪಾಂಡಿತ್ಯಕ್ಕಿಂತ ಈ ಪ್ರಶ್ನೆ ಹೆಚ್ಚು ಸರಿಯಾದ ಉತ್ತರ ತರುತ್ತದೆ ಎಂದು ನನ್ನ ಅಭಿಪ್ರಾಯ.

ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಈ ಪುಸ್ತಕ 1872ರ ನವೆಂಬರ್‌ನಲ್ಲಿ ಹೊರಬಂತು. ಪ್ರಕಟವಾದ ದಿನವೇ 5267 ಪ್ರತಿಗಳು ಮಾರಾಟವಾದವು. ಅಳುವ ಮಕ್ಕಳ ಫೋಟೊ ಅಚ್ಚು ಹಾಕಿದ್ದ ವಿಜ್ಞಾನ ಪುಸ್ತಕ ಆಗ ಜನಕ್ಕೆ ಹೊಸದು. 1877ರಲ್ಲಿ, 37 ವರ್ಷ ಹಳೆಯ ಆ ತೊಟ್ಟಿಲ ಟಿಪ್ಪಣಿಗಳನ್ನು ತೆಗೆದು, ಮಗುವಿನ ಬೆಳವಣಿಗೆಯ ಬಗ್ಗೆ ಒಂದು ಲೇಖನವನ್ನೂ ಪ್ರಕಟಿಸಿದ. ಶಿಶು ಮನೋವಿಜ್ಞಾನದ ಇತಿಹಾಸ ಹೇಳುವಾಗ ಇಂದಿಗೂ ಅದನ್ನು ಹೆಸರಿಸುತ್ತಾರೆ.

1882ರ ಏಪ್ರಿಲ್ 19ರಂದು ಡೌನ್‌ನ ಮನೆಯಲ್ಲಿ ಡಾರ್ವಿನ್ ತೀರಿಕೊಂಡ. ಹಳ್ಳಿಯಲ್ಲೇ ಮಣ್ಣು ಮಾಡುವ ಯೋಚನೆ ಮನೆಯವರಿಗಿತ್ತು. ಆದರೆ ಒಂದು ವಾರದ ಮೇಲೆ ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ದೊಡ್ಡ ಗೌರವದೊಂದಿಗೆ ಅಂತ್ಯಸಂಸ್ಕಾರವಾಯಿತು. ಹಿರಿಯ ಮಗನಾಗಿ ವಿಲಿಯಂ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿದ್ದ. ಆಗ ಅವನು ಬೋಳುತಲೆಯ ನಡುವಯಸ್ಕ. ಆಬಿಯ ಒಳಗೆ ತಣ್ಣನೆ ಗಾಳಿ ಬೀಸಿ ತಲೆಗೆ ಚಳಿಯಾಯಿತು. ಅವನು ತನ್ನ ಕರಿಯ ಕೈಗವಸುಗಳನ್ನು ತೆಗೆದು ನೆತ್ತಿಯ ಮೇಲೆ ಇಟ್ಟುಕೊಂಡು, ದೇಶದ ಗಣ್ಯರೆಲ್ಲ ನೋಡುತ್ತಿರುವಾಗ, ಪ್ರಾರ್ಥನೆ ಮುಗಿಯುವವರೆಗೂ ಹಾಗೇ ಕೂತಿದ್ದ ಎಂದು ಡಾರ್ವಿನ್‌ನ ಮೊಮ್ಮಗಳು ಗ್ವೆನ್ ರಾವೆರಾ ಮನೆಯ ನೆನಪುಗಳಲ್ಲಿ ಬರೆದಿದ್ದಾಳೆ.